ಅಕ್ಕ ಕೂರುವ ಗಾಡಿಗೆ ಟೈರು

ಗಂಡ ಹೆಂಡತಿ ಜೊತೆಯಾಗಿ ಟೈರು ಕೊಳ್ಳಲು ಹೋಗಬಾರದು. ಹೋದರೂ ಅಂಗಡಿಯಲ್ಲಿ ಜಗಳವಾಡಬಾರದು. ನಾವು ಎರಡನ್ನೂ ಮಾಡಿದೆವು.

“ಆ ಗುಡ್ಡದ ದಾರಿ ನೀನೇ ನೋಡಿದೀಯಲ್ಲ? ಇಂಥಾ ದಪ್ಪ ಹಲ್ಲಿನ ಟೈರೇ ಬೇಕು,” ಎಂದರು ನಮ್ಮ ಮನೆಯವರು, ಗೋಡೆಗೊರಗಿದ್ದ ಟೈರನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟುತ್ತ. “ಕೆಸರಿರ್ಲಿ, ಕಲ್ಲಿರ್ಲಿ, ಕಚ್ಕೊಂಡು ಹತ್ತುತ್ತೆ.”

“ಹತ್ತೋದು ನಮ್ಮ ಪಿಕಪ್ಪು. ಇಳೀಬೇಕಾಗಿರೋದು ಅಕ್ಕನ ಸೊಂಟ,” ಎಂದೆ. “ಈ ಬಂಡೆಗಲ್ಲಿನ ಮೇಲೆ ಕೂರಿಸಿದ್ರೆ ದಾರೀಲೇ ನನ್ನ ಕುತ್ತಿಗೆ ಹಿಸುಕ್ತಾಳೆ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಇಲ್ಲಿ ಕೋಣ ಯಾರು ಅಂತ ನಾನು ಹೇಳುವುದಿಲ್ಲ.

ಅಕ್ಕ ಗುಡ್ಡದ ಮೇಲಿನ ಪಂಪ್‌ಹೌಸಿನ ಆಪರೇಟರ್. ಊರಿಗೆಲ್ಲ ನೀರು ಬಿಡುವವಳು. ಟ್ಯಾಂಕಿನ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಅವಳನ್ನು ವಾಪಸ್ ಕರೆದೊಯ್ದ ದಿನ. ಆಂಬುಲೆನ್ಸ್ ಒಂದೊಂದು ಗುಂಡಿಗೆ ಇಳಿದಾಗಲೂ ಅವಳು ಕೂಗಿಕೊಂಡದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು, ಒಂದು ದಿನವೂ ಕಣ್ಣೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಕ್ವಾರ್ಟರ್ಸಿನ ಮಂಚದ ಮೇಲೆ ಮಲಗಿಸಿದಾಗ ಅವಳು ಹೇಳಿದ್ದು ಒಂದೇ ಮಾತು: “ಇನ್ನು ಈ ಜನ್ಮದಲ್ಲಿ ಯಾವ ಗಾಡೀನೂ ಹತ್ತಲ್ಲ.”

ಆದರೆ ಹತ್ತಲೇಬೇಕಿತ್ತು. ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡದಿದ್ದರೆ ಕಾಲು ಮರಗಟ್ಟಿಹೋಗುತ್ತದೆ, ಆಮೇಲೆ ಟ್ಯಾಂಕು ಹತ್ತುವ ಆಸೆ ಬಿಡಬೇಕು ಎಂದು ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಪಂಪಿನ ಸದ್ದಿಲ್ಲದೆ ನಿದ್ದೆಯೇ ಬಾರದವಳು ನಮ್ಮಕ್ಕ. ಆ ಕೆಲಸ ಹೋದರೆ ಅವಳು ಏನು ಮಾಡಿಯಾಳು? ಟ್ಯಾಕ್ಸಿಯವರು ಆ ದಾರಿಯ ಹೆಸರೆತ್ತಿದರೆ ಕೈಮುಗಿಯುತ್ತಿದ್ದರು. ನಮ್ಮ ಪಿಕಪ್ಪಿನ ಹಳೆಯ ಟೈರುಗಳೋ, ಸವೆದು ಮೊಟ್ಟೆಯಷ್ಟು ನುಣ್ಣಗಾಗಿದ್ದವು.

“ಎರಡೂ ಆಲ್-ಟೆರೇನ್ ಟೈರೇ ಮೇಡಂ, ಎಲ್ಲಾ ದಾರಿಗೂ ಆಗುತ್ತೆ,” ಎಂದ ಅಂಗಡಿಯಾತ. “ಇದರ ಹಲ್ಲು ದಪ್ಪ, ಪಕ್ಕೆ ಗಟ್ಟಿ. ಕೆಸರಿಗೆ ಇದೇ ರಾಜ. ಅದರ ಹಲ್ಲು ಸಣ್ಣದು, ಪಕ್ಕೆ ಮೆತ್ತಗೆ. ಕೂತವರಿಗೆ ಸುಖ.”

“ಕೆಸರೂ ಹತ್ತಬೇಕು, ಸೊಂಟಾನೂ ಅಲುಗಬಾರದು.”

“ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದ್ರೆ ಹೇಗೆ ಮೇಡಂ?” ಎಂದು ನಕ್ಕ. ಆದರೂ ಒಳ್ಳೆಯವನು. ಜನರಿಗೆ ತೋರಿಸಲೆಂದು ರಿಮ್ಮಿಗೆ ಹಾಕಿಟ್ಟಿದ್ದ ಎರಡೂ ಸೆಟ್ಟುಗಳನ್ನು ಒಂದಾದ ಮೇಲೊಂದು ನಮ್ಮ ಗಾಡಿಗೆ ಕೂರಿಸಿ, “ಓಡಿಸಿ ನೋಡಿ, ಆಮೇಲೆ ಹೇಳಿ,” ಎಂದ.

ನಮ್ಮದು ಸಸಿಗಳ ನರ್ಸರಿ. ಗಾಡಿಯ ಗುಣ ತಿಳಿಯಲು ನಮಗೆ ನಮ್ಮದೇ ಒಂದು ಉಪಾಯವಿದೆ. ಆಗಷ್ಟೇ ಮೊಳೆತ ಸಸಿಗಳ ಟ್ರೇಯನ್ನು ಸೀಟಿನ ಮೇಲಿಟ್ಟು ಓಡಿಸುವುದು. ಮಣ್ಣು ಚೆಲ್ಲಿ ಬೇರು ಕಂಡರೆ ಗಾಡಿ ಕುಲುಕಿದೆ ಎಂದರ್ಥ. ಆವತ್ತು ಹಿಂದುಗಡೆ ಎಂದಿನಂತೆ ಒದ್ದೆ ಮಣ್ಣಿನ ಕುಂಡಗಳಿದ್ದವು, ಯಾರದೋ ತೋಟಕ್ಕೆ ಮುಟ್ಟಿಸಬೇಕಾದವು. ಅಂಗಡಿಯ ಹಿಂದಿನ ಕಲ್ಲುದಾರಿಯಲ್ಲಿ ದಪ್ಪ ಹಲ್ಲಿನ ಟೈರು ಗುರ್ ಗುರ್ ಎನ್ನುತ್ತ ಅರ್ಧ ಟ್ರೇ ಚೆಲ್ಲಿಸಿತು. ಸಣ್ಣ ಹಲ್ಲಿನದರಲ್ಲಿ ಸಸಿಗಳು ಸುಮ್ಮನೆ ತಲೆದೂಗಿದವು. ನೀರು ನಿಂತ ಕೊರಕಲನ್ನೂ ಅದು ಜಾರದೆ ದಾಟಿತು.

“ಸರಿ, ನೀನೇ ಗೆದ್ದೆ,” ಎಂದರು ಮನೆಯವರು. ಅವರ ಬಾಯಿಂದ ಇಂಥ ಮಾತು ಬರುವುದೇ ಅಪರೂಪ. ಇನ್ನೊಂದು ಸಲ ಹೇಳಿಸಿದೆ.

ಮಾರನೆಯ ಬೆಳಿಗ್ಗೆ ನಮಗೆ ಎಲ್ಲಿಲ್ಲದ ಸಡಗರ. ಗೊಬ್ಬರದ ಚೀಲ, ಕುಂಡ, ಸಲಿಕೆ ಎಲ್ಲವನ್ನೂ ಇಳಿಸಿ ಗಾಡಿಯನ್ನು ಒಳಗೂ ಹೊರಗೂ ತೊಳೆದೆವು. ಸೀಟಿಗೆ ಹೊಸ ದಿಂಬು ಹಾಕಿದೆ. ಒಂದು ಚೂರು ಮಣ್ಣೂ ಚೆಲ್ಲಿಲ್ಲ ನೋಡು ಎಂದು ಅಕ್ಕನಿಗೆ ತೋರಿಸಲು ಸಸಿಯ ಟ್ರೇಯನ್ನೂ ಇಟ್ಟುಕೊಂಡೆ. ನನಗೆ ಅಷ್ಟು ಧೈರ್ಯ!

ಡಾಂಬರು ಮುಗಿದದ್ದೇ ತಡ, ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ಕುಣಿಯತೊಡಗಿತು. ಹಿಂಭಾಗ ಎಗರಿ ಎಗರಿ ಬೀಳುತ್ತಿತ್ತು. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರಗಳು ಗಿರ್ರನೆ ತಿರುಗಿ ಗಾಡಿ ಪಕ್ಕಕ್ಕೆ ಸರಿದಾಗ ನನಗೆ ಜೀವ ಬಾಯಿಗೆ ಬಂತು.

“ನಾನು ಆಗಲೇ ಹೇಳಿದ್ದೆ...”

“ನೀವು ಸುಮ್ನೆ ಕೂತ್ಕೊಳ್ಳಿ!”

ಪಂಪ್‌ಹೌಸಿನ ಬಾಗಿಲಲ್ಲಿ ಅಕ್ಕ ವಾಕರ್ ಹಿಡಿದು ನಿಂತಿದ್ದಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟಿದ್ದಳು. ಅಂದರೆ ಬರುವ ಮನಸ್ಸು ಮಾಡಿದ್ದಳು. ಅವಳು ಹತ್ತಿರ ಬಂದು ಗಾಡಿಯ ಕಿಟಕಿಯಲ್ಲಿ ಇಣುಕಿದಳು. ಮಣ್ಣೆಲ್ಲ ಸೀಟಿನ ಮೇಲೆ, ಸಸಿಗಳೆಲ್ಲ ಬುಡಮೇಲು.

“ಇದೇನಾ ನಿನ್ನ ಹೊಸ ಟೈರು?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. “ನಾನು ಬರಲ್ಲ ಕಣೇ. ಬಲವಂತ ಮಾಡ್ಬೇಡ.”

ಅವಳು ಬಾಗಿಲ ಕಡೆ ತಿರುಗಿದಳು. ನಾನು ಹೋಗಿ ಟೈರಿಗೊಂದು ಒದೆ ಕೊಟ್ಟೆ. ಕಾಲ್ಬೆರಳು ನೊಂದದ್ದಷ್ಟೇ ಲಾಭ. “ಆ ಅಂಗಡಿಯವನು ಬೇರೆ ಯಾವುದೋ ಟೈರು ಹಾಕಿ ಕಳಿಸಿದಾನೆ!”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದರು ಮನೆಯವರು. “ಟೈರು ಅದೇ. ದಾರೀನೂ ಅಂಥದ್ದೇ. ನಿನ್ನೆ ತೇಲ್ಕೊಂಡು ಹೋಯ್ತಲ್ಲ, ಇವತ್ತೇನಾಯ್ತು ಇದಕ್ಕೆ?”

ಅವರು ಗಾಡಿಯ ಹಿಂಭಾಗದ ಮೇಲೆ ಕೈಯೂರಿ ಯೋಚಿಸುತ್ತ ನಿಂತರು. ನಾನೂ ಅತ್ತ ನೋಡಿದೆ. ತೊಳೆದಿಟ್ಟ ಖಾಲಿ ತಗಡು ಫಳಫಳ ಹೊಳೆಯುತ್ತಿತ್ತು.

“ರೀ, ನಾವು ಯಾವತ್ತಾದ್ರೂ ಈ ಗಾಡೀನ ಖಾಲಿ ಓಡಿಸಿದೀವಾ?”

ಓಡಿಸಿರಲಿಲ್ಲ. ಹೋಗುವಾಗ ಕುಂಡ, ಬರುವಾಗ ಗೊಬ್ಬರ. ಅಕ್ಕ ಕೂರುತ್ತಾಳೆ ಎಂದು ಇದೇ ಮೊದಲ ಸಲ ಎಲ್ಲ ಇಳಿಸಿ ತಂದಿದ್ದೆವು. ಭಾರ ಹೊರಲೆಂದೇ ಮಾಡಿದ ಸ್ಪ್ರಿಂಗುಗಳು, ಭಾರವಿಲ್ಲದಿದ್ದರೆ ಬಗ್ಗುವುದೇ ಇಲ್ಲ, ಎಗರುತ್ತವೆ. ಮೇಲೆ ತೂಕವಿಲ್ಲದ ಚಕ್ರ ನೆಲವನ್ನಾದರೂ ಹೇಗೆ ಹಿಡಿದೀತು? ಅಯ್ಯೋ ನನ್ನ ಬುದ್ಧಿಯೇ ಎಂದು ಹಣೆ ಚಚ್ಚಿಕೊಂಡೆ.

“ಅಕ್ಕಾ! ಇಲ್ಲಿ ಮಣ್ಣೋ ಮರಳೋ ಏನಾದ್ರೂ ಇದ್ಯಾ?”

“ಫಿಲ್ಟರಿಂದ ತೆಗೆದು ಬಿಸಾಕಿರೋ ಮರಳು ರಾಶಿ ಬಿದ್ದಿದೆ. ಯಾಕೆ?”

ಹೇಳಿದೆ. ಅಕ್ಕ ಗಾಡಿಯನ್ನು ನೋಡಿದಳು, ನನ್ನ ಮುಖ ನೋಡಿದಳು. “ತುಂಬಿದ ಕೊಡ ತುಳುಕಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಇಬ್ಬರು ಸೇರಿ ನರ್ಸರಿ ಬೇರೆ ನಡೆಸ್ತೀರಾ!” ಎಂದಳು. ಬೈಗುಳ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೂ ನಾಲ್ಕು ಬಯ್ಯಲಿ ಅನ್ನಿಸಿತು.

ಬ್ಲೀಚಿಂಗ್ ಪೌಡರಿನ ಖಾಲಿ ಚೀಲಗಳಿಗೆ ಮರಳು ತುಂಬಿ ಹೊತ್ತೆವು. ಅಕ್ಕ ವಾಕರ್ ಹಿಡಿದುಕೊಂಡೇ ಮೇಸ್ತ್ರಿಕೆ ನಡೆಸಿದಳು. “ತುದೀಲಿ ಅಲ್ಲ, ಚಕ್ರದ ಮೇಲೆ! ತುದೀಲಿಟ್ರೆ ಗಾಡಿ ಮೂಗು ಮೇಲೇಳುತ್ತೆ ಅಂತ ನಿನ್ನ ಗಂಡನಿಗೆ ಹೇಳೇ!”

“ಅತ್ತಿಗೆ, ನನಗೂ ಕಿವಿ ಇದೆ,” ಎಂದರು ಮನೆಯವರು ಏದುಸಿರು ಬಿಡುತ್ತ.

ಟ್ರೇಯನ್ನು ಸರಿಮಾಡಿ ಸೀಟಿನ ಮೇಲಿಟ್ಟು ತಿರುವಿನವರೆಗೆ ಹೋಗಿ ಬಂದೆ. ಅಕ್ಕ ಟ್ರೇಯ ಮಣ್ಣನ್ನು ಬೆರಳಿಂದ ಮುಟ್ಟಿ ನೋಡಿದಳು. ಅದು ಕದಲಿರಲಿಲ್ಲ. ಆಮೇಲೆ, “ಸ್ಟೂಲ್ ತಗೊಂಡ್ ಬಾ,” ಎಂದಳು.

ಮನೆಯವರು ಹಿಂದೆ ಮರಳಿನ ಮೂಟೆಗಳ ಮೇಲೆ ಕೂತರು, ತಾನೂ ಲೋಡೇ ಎನ್ನುತ್ತ. ನಾನು ಆಮೆಯ ಹಾಗೆ ಓಡಿಸಿದೆ. ಮೊದಲ ದೊಡ್ಡ ಗುಂಡಿ ಬಂದಾಗ ಅಕ್ಕ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಗಾಡಿ ಮೆಲ್ಲನೆ ಇಳಿಯಿತು, ಮೆಲ್ಲನೆ ಹತ್ತಿತು. ಅವಳು ಕೂಗಲಿಲ್ಲ. ಅತ್ತದ್ದು ನಾನು.

“ಕಣ್ಣು ಒರೆಸ್ಕೊಂಡು ದಾರಿ ನೋಡೇ,” ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ಬಗ್ಗಿಸಿದಾಗ ಅಕ್ಕ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಡಾಕ್ಟರಮ್ಮ ನಗುತ್ತಲೇ ಇದ್ದರು. ಕಾಲು ಇನ್ನೂ ಮಾತು ಕೇಳುತ್ತೆ, ಬಿಡದೆ ಬರಬೇಕಷ್ಟೆ ಎಂದರು. ವಾಪಸ್ ಗುಡ್ಡ ಹತ್ತಿಸಿ, ಅವಳನ್ನು ಮಂಚದ ಮೇಲೆ ಕೂರಿಸಿ, ನಾವು ಹೊರಡಲು ಬಾಗಿಲಿಗೆ ಬಂದಿದ್ದೆವು.

“ಮುಂದಿನ ವಾರ ಎಷ್ಟು ಹೊತ್ತಿಗೆ ಬರ್ತೀಯ?” ಎಂದು ಅಕ್ಕ ಒಳಗಿಂದ ಕೇಳಿದಳು.

“ಹತ್ತು ಗಂಟೆಗೆ.”

“ಹತ್ತು ಅಂದ್ರೆ ಹತ್ತು. ತಡ ಮಾಡಿದ್ಯೋ, ನಾನು ನಡ್ಕೊಂಡೇ ಇಳಿದು ಬಂದ್ಬಿಡ್ತೀನಿ.”