ಅಪ್ಪನ ಕಾಲಿಗೆ ಸಿಗದ ಬೆಳ್ಳಿ

ಅಕ್ಕಸಾಲಿಗ ಅಪ್ಪನ ಕಾಲಿನ ಹುಣ್ಣು ಸಕ್ಕರೆ ಕಾಯಿಲೆಯಿಂದ ಮಾಯದೆ ಕೊಳೆಯುತ್ತಿತ್ತು. ಮಗಳು ಪ್ರಯೋಗಾಲಯದಲ್ಲಿ ಆ ಕೀವಿನ ಬ್ಯಾಕ್ಟೀರಿಯಾವನ್ನೇ ಎರಡು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಒಂದಕ್ಕೆ ಬೆಳ್ಳಿಯ ದಪ್ಪ ಕಣ, ಇನ್ನೊಂದಕ್ಕೆ ಅಷ್ಟೇ ತೂಕದ ನ್ಯಾನೊ ಕಣ ಹಾಕಿದಳು. ಮರುದಿನ ಸಣ್ಣ ಕಣವಿದ್ದ ತಟ್ಟೆಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಸತ್ತಿತ್ತು.

ಓಡೋಡಿ ಆಸ್ಪತ್ರೆಗೆ ಹೋಗಿ ಹೇಳಿದಳು.

"ಎರಡೂ ಬೆಳ್ಳಿನೇ ಅಲ್ವೇನೇ?" ಎಂದ ಅಪ್ಪ.

"ಸಣ್ಣದಾದಷ್ಟೂ ಒಟ್ಟು ಹೊರಮೈ ಜಾಸ್ತಿ ಅಪ್ಪ. ರೋಗಾಣುಗೆ ಹೆಚ್ಚು ತಾಗುತ್ತೆ."

"ಪುಡಿಯಾದ್ರೆ ನಷ್ಟ ಅಂತ ಜೀವಮಾನವೆಲ್ಲಾ ಗುಡಿಸಿ ಎತ್ತಿಟ್ಟೆ. ಈಗ ಪುಡಿಗೇ ಬೆಲೆ ಅಂತೀಯಲ್ಲ!" ಅಪ್ಪ ನಕ್ಕ. "ಸರಿ, ಹಚ್ಚು ಮತ್ತೆ."

ಅವಳು ಅಳುತ್ತಲೇ ಹೇಳಿದಳು. "ಇದಿನ್ನೂ ತಟ್ಟೇಲಿ ಅಷ್ಟೇ ಅಪ್ಪ. ಮನುಷ್ಯರಿಗೆ ಹಚ್ಚೋಕೆ ವರ್ಷಗಟ್ಟಲೆ ಪರೀಕ್ಷೆ ಆಗ್ಬೇಕು."

ಮಾರನೆಯ ದಿನವೇ ಕಾಲು ಕತ್ತರಿಸುವುದೆಂದು ವೈದ್ಯರು ಹೇಳಿಯಾಗಿತ್ತು. ಅಪ್ಪ ಅವಳ ತಲೆ ಸವರಿದ. "ಅಳಬೇಡ ಪುಟ್ಟಿ. ಮುಂದೆ ಇನ್ಯಾರಿಗಾದ್ರೂ ಆಗುತ್ತೆ ಬಿಡು."

ಕಾಲು ತೆಗೆದರೂ ನಂಜು ಆಗಲೇ ಮೈಗೆಲ್ಲ ಏರಿತ್ತು. ವಾರ ತುಂಬುವುದರೊಳಗೆ ಅಪ್ಪ ತೀರಿಕೊಂಡ.

ಎಷ್ಟೋ ದಿನ ಅವಳು ಪ್ರಯೋಗಾಲಯದ ಕಡೆ ತಲೆ ಹಾಕಲಿಲ್ಲ. ಕೊನೆಗೊಂದು ಬೆಳಿಗ್ಗೆ ಅಮ್ಮ ಊಟದ ಡಬ್ಬಿ ಕಟ್ಟಿ ಕೈಗಿಟ್ಟು, "ಹೋಗಮ್ಮ" ಎಂದಳು. ಅವಳು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.