ತಮ್ಮನ ಬಿಸಿಲು

"ನೆರಳು ಬೀಳೋದಕ್ಕೂ ನಿನ್ನ ಅಪ್ಪಣೆ ಬೇಕೇನೋ?" ಲೈನ್‌ಮ್ಯಾನ್ ಕೂಗಿದ್ದು ಬೀದಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಕೇಳಿಸಿತು. "ನನ್ನ ಮನೆ, ನನ್ನ ತಾರಸಿ, ನನ್ನ ಹೆಂಡತಿ ಒಗೆದ ಬೆಡ್‌ಶೀಟು. ಅದರ ನೆರಳು ಎಲ್ಲಿ ಬೀಳ್ಬೇಕು ಅಂತ ನೀನು ಹೇಳಿಕೊಡ್ತೀಯ?"

"ಅಪ್ಪಣೆ ಅಲ್ಲ ಅಣ್ಣ." ತಮ್ಮ ಎರಡು ತಾರಸಿಗಳ ನಡುವಿನ ಮೋಟುಗೋಡೆಯ ಆಚೆ ನಿಂತಿದ್ದ. ಅವನ ಹಿಂದೆ ಸೋಲಾರ್ ಪ್ಯಾನೆಲ್‌ಗಳು ಸಾಲಾಗಿ ಬಿಸಿಲಿಗೆ ಮುಖವೊಡ್ಡಿ ಮಲಗಿದ್ದವು. "ಹಗ್ಗ ಒಂದು ನಾಲ್ಕಡಿ ಆ ಕಡೆ ಕಟ್ಟಿದ್ರೆ ಸಾಕು. ಒಂದರ ಮೇಲೆ ನೆರಳು ಬಿದ್ರೂ ಇಡೀ ಸಾಲು ಸೊರಗುತ್ತೆ."

"ಸೊರಗ್ಲಿ! ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ. ನೀನು ನಡುಮಧ್ಯಾಹ್ನ ಗಾಜು ಹಿಡಿದುಕೊಂಡು ಮೆರೀತಿದ್ದೀಯ."

ಲೈನ್‌ಮ್ಯಾನ್‌ನ ಹೆಂಡತಿ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದಳು. "ಹಗ್ಗ ತಾನೇ ರೀ, ನಾನೇ ಬಿಚ್ಚಿ ಕಟ್ತೀನಿ. ಅದಕ್ಕೆ ಯಾಕೆ ಊರು ಒಂದು ಮಾಡ್ತೀರಿ?"

"ನೀನು ಅದನ್ನ ಮುಟ್ಟಿದ್ರೆ ನೋಡು!"

"ಮುಟ್ಟಿದ್ರೆ ಏನು, ಶಾಕ್ ಹೊಡೆಯುತ್ತಾ?"

ತಮ್ಮ ನಕ್ಕುಬಿಟ್ಟ. ನಗಬಾರದಿತ್ತು. ಆ ನಗು ಲೈನ್‌ಮ್ಯಾನ್‌ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಹೆಂಡತಿ ಹಗ್ಗ ಬಿಚ್ಚಿ ಆ ಕಡೆ ಕಟ್ಟಿದಳು. ಅವನು ದಡದಡ ಮೆಟ್ಟಿಲಿಳಿದು ಹೋದ.

ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಗಾದೆ ಇದೆ. ಆದರೆ ಇವರ ನಡುವೆ ಆಸ್ತಿಯ ಜಗಳ ಇರಲಿಲ್ಲ. ಅಪ್ಪ ಬಿಟ್ಟುಹೋದ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಅಪ್ಪ ಸತ್ತಾಗ ತಮ್ಮನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಅವನನ್ನು ಸಾಕಿದ್ದು, ಮೋಟಾರ್ ವೈಂಡಿಂಗ್ ಕೆಲಸಕ್ಕೆ ಹಚ್ಚಿದ್ದು, ಫ್ಯೂಸ್ ಕಟ್ಟುವುದರಿಂದ ಹಿಡಿದು ಟ್ರಾನ್ಸ್‌ಫಾರ್ಮರ್ ಮೈಮೇಲಿನ ಬರಹ ಓದುವುದರವರೆಗೆ ಕಲಿಸಿದ್ದು ಅಣ್ಣನೇ. ತಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ರಾತ್ರಿ ಊಟ ಅಣ್ಣನ ಮನೆಯಲ್ಲೇ.

ಮೊದಲೆಲ್ಲ ಬೀದಿಯಲ್ಲಿ ಕರೆಂಟು ಹೋದರೆ ಜನ ದೇವರನ್ನು ನೆನೆಯುವ ಮೊದಲು ಲೈನ್‌ಮ್ಯಾನ್‌ನನ್ನು ನೆನೆಯುತ್ತಿದ್ದರು. ಬಾಗಿಲು ಬಡಿಯುವ ಸದ್ದು ಕೇಳಿದರೂ ಅವನು ಒಡನೆ ಏಳುತ್ತಿರಲಿಲ್ಲ. ನಿಧಾನವಾಗಿ ಸೊಂಟಕ್ಕೆ ಬೆಲ್ಟು ಬಿಗಿದು, ಕೈಗವಸು ಕಂಕುಳಿಗೆ ಸಿಕ್ಕಿಸಿ ಹೊರಡುತ್ತಿದ್ದ. ಹಿಂದೆ ಟಾರ್ಚು ಹಿಡಿದ ಹತ್ತು ಜನ. ಅವನು ಕಂಬದ ತುದಿಯಲ್ಲಿದ್ದಾಗ ಕೆಳಗೆ ಮನೆಮನೆಯಿಂದ ಒಮ್ಮೆಲೇ "ಬಂತು!" ಅಂತ ಕೂಗು ಏಳುತ್ತಿತ್ತು. ಸಂಬಳ ಸರ್ಕಾರದ್ದು, ಆ ಕೂಗು ಮಾತ್ರ ಅವನದು.

ಆಮೇಲೆ ಹೊಸ ನಿಯಮ ಬಂತು. ತಾರಸಿಯಲ್ಲಿ ಕರೆಂಟು ಮಾಡಿದವನು ಮಿಕ್ಕಿದ್ದನ್ನು ಅಕ್ಕಪಕ್ಕದವರಿಗೇ ಮಾರಬಹುದು ಅಂತ. ತಮ್ಮ ವೈಂಡಿಂಗ್ ಅಂಗಡಿ ಮಾರಿ ಪ್ಯಾನೆಲ್, ಬ್ಯಾಟರಿ ತಂದ. ಹಗಲಿನ ಬಿಸಿಲನ್ನು ಬ್ಯಾಟರಿಗೆ ತುಂಬಿ, ಬೇರೆಯೇ ತಂತಿ ಎಳೆದು, ಸಂಜೆ ಎಂಟು ಮನೆಗೆ ಕೊಡತೊಡಗಿದ. ಬಿಸಿಲಿನ ಕರೆಂಟನ್ನು ಹದಮಾಡುವ ಇನ್ವರ್ಟರ್ ಪೆಟ್ಟಿಗೆ ಮಾತ್ರ ನಿಯಮದಂತೆ ಬೀದಿಯ ಲೈನಿಗೂ ಸೇರಿಕೊಂಡಿತ್ತು. ಕರೆಂಟು ಕಂಪನಿಯ ದರಕ್ಕಿಂತ ಅಗ್ಗ. ಲೈನು ಸತ್ತರೂ ಆ ಮನೆಗಳಲ್ಲಿ ದೀಪ ಸಾಯುತ್ತಿರಲಿಲ್ಲ.

ಒಂದು ಸಂಜೆ ಗಾಳಿಗೆ ಆ ಎಂಟು ಮನೆಗಳ ಮುಂದಿನ ತಂತಿ ಕಡಿದಾಗ ಲೈನ್‌ಮ್ಯಾನ್ ಕಂಬ ಹತ್ತಿ, ಕೈ ತರಚಿಕೊಂಡು, ಲೈನು ಸೇರಿಸಿ ಇಳಿದ. ಯಾರೂ ಕೂಗಲಿಲ್ಲ. ಕಿಟಕಿಗಳಲ್ಲಿ ದೀಪ ಮೊದಲಿನಂತೆಯೇ ಉರಿಯುತ್ತಿತ್ತು. ಗಿರಣಿಯವನ ತಾಯಿ ಜಗಲಿಯಲ್ಲಿ ಕೂತಿದ್ದವಳು ಕೇಳಿದಳು, "ಏನಪ್ಪಾ, ಕಂಬ ಹತ್ತಿದ್ದೆ? ಕರೆಂಟು ಹೋಗಿತ್ತಾ?"

ಅವಳು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಕತ್ತು ಹಿಸುಕಿದ್ದರೂ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಈಗ ತಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. ಬೀದಿಯ ಎಲ್ಲ ತಾರಸಿಗಳನ್ನೂ ಸೇರಿಸುವುದು, ಗಿರಣಿಯ ಅಂಗಳದಲ್ಲಿ ದೊಡ್ಡ ಬ್ಯಾಟರಿ ಇಡುವುದು, ಮಿಕ್ಕ ಕರೆಂಟನ್ನು ಒಟ್ಟಾಗಿ ಕಂಪನಿಗೇ ಮಾರುವುದು. ನೋಡಿಕೊಳ್ಳುವವನು ಅವನೇ. ಭಾನುವಾರ ಗಿರಣಿಯಲ್ಲಿ ಸಭೆ. ಬೀದಿಯವರು ಹೂಂ ಅಂದರೆ ಅವನ ಬದುಕು ನೆಲೆಗೆ ನಿಂತಂತೆ. ಊಹೂಂ ಅಂದರೆ ಅಂಗಡಿಯೂ ಇಲ್ಲ, ಇದೂ ಇಲ್ಲ.

"ನಮ್ಮ ತಾರಸಿನೂ ಕೊಡೋಣ ರೀ," ಅಂದಳು ಹೆಂಡತಿ. "ಬೆಡ್‌ಶೀಟು ಒಣಗಿಸೋದಕ್ಕಿಂತ ಒಳ್ಳೆ ಕೆಲಸಕ್ಕೆ ಬರುತ್ತೆ."

"ನನ್ನ ನೆತ್ತಿ ಮೇಲೆ ಅವನ ಗಾಜಾ? ನಾನು ಸತ್ತ ಮೇಲೆ ಇಡಿಸ್ಕೋ."

"ಊರಲ್ಲಿ ಎಲ್ಲರಿಗೂ ಕರೆಂಟು ಬಂದ್ರೆ ಖುಷಿ. ನಿಮಗೊಬ್ಬರಿಗೆ ಹೋದ್ರೆ ಖುಷಿ," ಅಂದಳು ಅವಳು. ನಗೆಮಾತಿಗೆ ಅಂದದ್ದು. ಆದರೆ ಅವನು ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದ.

ಬೀದಿಯ ತಲೆಯಲ್ಲಿ ತಂತಿಬೇಲಿಯೊಳಗೆ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಹೊಟ್ಟೆಯ ಪಕ್ಕದಲ್ಲಿ, ಬೀದಿಗೆ ಹೋಗುವ ವೋಲ್ಟೇಜನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ ಇಳಿಸುವ ಒಂದು ತಿರುಗಣೆ. ಅದಕ್ಕೆ ಟ್ಯಾಪ್ ಅನ್ನುತ್ತಾರೆ. ಇಂಜಿನಿಯರ್ ಒಪ್ಪಿಗೆ ಇಲ್ಲದೆ ಅದನ್ನು ಮುಟ್ಟಿದವನ ಕೆಲಸ ಉಳಿಯುವುದಿಲ್ಲ. ಮಾರನೆಯ ಬೆಳಿಗ್ಗೆ ಲೈನ್‌ಮ್ಯಾನ್ ಒಬ್ಬನೇ ಹೋಗಿ ಲೈನು ಬಂದ್ ಮಾಡಿದ. ಯಾರೂ ಹಾಕದಿರಲಿ ಅಂತ ಸ್ವಿಚ್ಚಿನ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿ, ಬೀಗ ತೆಗೆದು, ಟ್ಯಾಪನ್ನು ಒಂದು ಮೆಟ್ಟಿಲು ಮೇಲಕ್ಕೆ ತಿರುಗಿಸಿದ. ಸಂಜೆ ಹೊತ್ತು ಬೀದಿಯ ಬಾಲದ ಮನೆಗಳಲ್ಲಿ ಬಲ್ಬು ಮಂಕಾಗುತ್ತದೆ ಅಂತ ದೂರು ಇತ್ತು. ಏರಿಸಿದರೆ ಅವರಿಗೆ ಅನುಕೂಲ ಅಂತ ತನಗೆ ತಾನೇ ಹೇಳಿಕೊಂಡ. ದೂರು ನಿಜ. ಅದು ವರ್ಷಗಳಿಂದ ಇದ್ದದ್ದೂ, ಅವನು ಕಿವಿಗೆ ಹಾಕಿಕೊಳ್ಳದೆ ಇದ್ದದ್ದೂ ನಿಜ.

ಮಧ್ಯಾಹ್ನ ಬೀದಿಯಲ್ಲಿ ಓಡುವ ಫ್ಯಾನೂ ಕಡಿಮೆ, ಉರಿಯುವ ದೀಪವೂ ಇಲ್ಲ, ಕರೆಂಟಿಗೆ ಖರ್ಚಿಲ್ಲ. ಟ್ಯಾಪ್ ಏರಿಸಿದ್ದಕ್ಕೆ ಮೇಲೆದ್ದಿದ್ದ ವೋಲ್ಟೇಜು ಬಿಸಿಲಿನ ಕರೆಂಟೂ ಸೇರಿ ಗೆರೆ ದಾಟಿತು. ಗೆರೆ ದಾಟಿದರೆ ಸೋಲಾರ್ ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ಕಳಚಿಕೊಳ್ಳುತ್ತದೆ. ಬಿಸಿಲು ಧಗಧಗ ಉರಿಯುವ ಹೊತ್ತಿಗೇ ತಮ್ಮನ ಪೆಟ್ಟಿಗೆ ಟಪ್ ಅಂತ ಕೂತುಕೊಳ್ಳತೊಡಗಿತು. ಬ್ಯಾಟರಿ ಅರೆಹೊಟ್ಟೆ. ಸಂಜೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಎಂಟೂ ಮನೆ ಕತ್ತಲು.

ಮತ್ತೆ ಲೈನ್‌ಮ್ಯಾನ್‌ನ ಬಾಗಿಲು ಬಡಿಯತೊಡಗಿತು. "ಅಣ್ಣಾವ್ರೇ, ನಿಮ್ಮ ತಮ್ಮನ ಕರೆಂಟು ನಂಬಿ ಕೆಟ್ವಿ. ನಮ್ಮನ್ನ ಹಳೇ ಲೈನಿಗೇ ಹಾಕಿಬಿಡಿ." ಗಿರಣಿಯವನಂತೂ ಬಂದು ಕುರ್ಚಿ ಎಳೆದುಕೊಂಡು ಕೂತ. "ಹಳೇ ಗಂಡನ ಪಾದವೇ ಗತಿ ಅಂತ ಬಂದಿದ್ದೀವಿ ನೋಡಪ್ಪ." ಲೈನ್‌ಮ್ಯಾನ್ ಗಹಗಹಿಸಿ ನಕ್ಕ. ಎಷ್ಟೋ ದಿನದ ಮೇಲೆ ಸೊಂಟದ ಬೆಲ್ಟು ಹಗುರ ಅನ್ನಿಸಿತು.

ತಮ್ಮನೂ ಬಂದ. "ಅಣ್ಣ, ಮಧ್ಯಾಹ್ನ ಆದ್ರೆ ಸಾಕು, ಪೆಟ್ಟಿಗೆ ಕಳಚ್ಕೊಳ್ಳುತ್ತೆ. ನನಗೆ ತಲೆ ಓಡ್ತಿಲ್ಲ. ನೀನೊಂದ್ಸಲ ನೋಡು."

ಅಣ್ಣ ತಾರಸಿಗೆ ಹೋದ. ವೋಲ್ಟೇಜು ಅಳೆಯುವ ಮೀಟರಿನ ಎರಡು ಕಡ್ಡಿಗಳನ್ನು ತಂತಿಗೆ ಹಿಡಿದ. ಅಂಕಿ ಎಲ್ಲಿಗೆ ಏರಿದೆ ಅಂತ ಇಬ್ಬರಿಗೂ ಕಾಣುತ್ತಿತ್ತು. "ಲೈನಿನಲ್ಲಿ ಇದೆಲ್ಲ ಇದ್ದದ್ದೇ," ಅಂದ. "ನಿನ್ನ ಪೆಟ್ಟಿಗೆದೇ ರೋಗ. ಅಗ್ಗಕ್ಕೆ ಸಿಕ್ತು ಅಂತ ಯಾರೋ ನಿನ್ನ ತಲೆಗೆ ಕಟ್ಟಿರ್ತಾರೆ."

"ನೀನು ಹೇಳಿದ್ರೆ ಇರ್ಬೇಕು," ಅಂದ ತಮ್ಮ.

ಆಮೇಲೆ ಅವನು ಆ ಪೆಟ್ಟಿಗೆಯನ್ನು ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಒಳಗಿನ ಬೋರ್ಡು ಬದಲಾಯಿಸಿದ. ಬೆಸುಗೆಯ ಹೊಗೆ ಮೋಟುಗೋಡೆ ದಾಟಿ ಈ ತಾರಸಿಗೆ ಬರುತ್ತಿತ್ತು. ಅವನ ಕಣ್ಣು ಕುಳಿ ಬಿದ್ದವು. ಲೈನ್‌ಮ್ಯಾನ್ ಮೆಟ್ಟಿಲ ಬಾಗಿಲ ಸಂದಿಯಿಂದ ಅದನ್ನೆಲ್ಲ ನೋಡಿದ. ಸುಳ್ಳು ಯಾಕೆ, ಅವನಿಗೆ ಹಿತವಾಗಿತ್ತು. ಹಿತದ ತಳದಲ್ಲಿ ಇನ್ನೊಂದು ಕೊರೆಯುತ್ತಿತ್ತು: ಇವನು ನನ್ನ ಮಾತನ್ನು ಇಷ್ಟು ನಂಬುತ್ತಾನಲ್ಲ, ಯಾಕೆ ನಂಬುತ್ತಾನೆ, ಇದರಲ್ಲೂ ನನಗಿಂತ ದೊಡ್ಡವನಾಗಬೇಕಾ? ಹೊಟ್ಟೆಕಿಚ್ಚಿಗೆ ಸೌದೆ ಬೇಕಿಲ್ಲ. ಎದುರಿನವನ ಒಳ್ಳೆಯತನ ಇದ್ದರೆ ಸಾಕು, ಅದೇ ಉರಿಯುತ್ತದೆ.

ಸಭೆಯ ಹಿಂದಿನ ಸಂಜೆ ತಮ್ಮ ಊಟಕ್ಕೆ ಬಂದ. ಅತ್ತಿಗೆ ಬಡಿಸಿದ್ದನ್ನು ಕೆದಕುತ್ತ ಕೂತಿದ್ದವನು ತಲೆಯೆತ್ತದೆ ಕೇಳಿದ.

"ಅಣ್ಣ, ಟ್ಯಾಪ್ ಎಷ್ಟರಲ್ಲಿದೆ?"

"ಎಷ್ಟರಲ್ಲಿತ್ತೋ ಅಷ್ಟರಲ್ಲೇ ಇದೆ."

"ಯಾರಾದ್ರೂ ಮುಟ್ಟಿರ್ಬಹುದಾ?"

"ಬೀಗದ ಕೈ ನನ್ನ ಸೊಂಟದಲ್ಲಿದೆ. ಯಾರು ಮುಟ್ತಾರೆ? ಅನ್ನದ ಮುಂದೆ ಕೂತ್ಕೊಂಡು ಕರೆಂಟು ತಿನ್ಬೇಡ, ಊಟ ಮಾಡು."

ಹೆಂಡತಿ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದಳು, ಮೈದುನನ ಮುಖ ನೋಡಿದಳು. "ಇನ್ನೊಂಚೂರು ಹಾಕ್ಲಾ?" ಅಂದಳು. ಇಬ್ಬರಿಗೂ ಬೇಡವಾಗಿತ್ತು.

ಭಾನುವಾರ ಗಿರಣಿಯವನು ಯಂತ್ರ ನಿಲ್ಲಿಸಿ, ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದ. ಬೀಸುವ ಕೋಣೆಯ ಬಾಗಿಲು ಅಂಗಳಕ್ಕೇ ತೆರೆದಿತ್ತು. ಬೀದಿಯವರೆಲ್ಲ ಬಂದರು. ಹೆಂಗಸರು ತೂಕದ ಯಂತ್ರದ ಪಕ್ಕ ನಿಂತರು, ಅವರ ನಡುವೆ ಲೈನ್‌ಮ್ಯಾನ್‌ನ ಹೆಂಡತಿಯೂ.

"ಬೇಗ ಮುಗಿಸ್ರಪ್ಪ," ಅಂದ ಗಿರಣಿಯವನು. "ಒಳಗೆ ಚೀಲಗಳು ಸಾಲಾಗಿ ಕಾಯ್ತಿವೆ. ಗಿರಣಿ ನಿಂತ್ರೆ ನನ್ನನ್ನಲ್ಲ, ನಿಮ್ಮ ಹೊಟ್ಟೆ ನಿಮ್ಮನ್ನೇ ಬೈಯುತ್ತೆ."

ತಮ್ಮ ಎದ್ದು ನಿಂತು ಹೇಳಿದ. ಯಾರ ತಾರಸಿ ಎಷ್ಟು ಕೊಡಬಹುದು, ಗಿರಣಿಯ ತಗಡಿನ ಮಾಡು ಎಷ್ಟು ಕೊಡಬಹುದು, ಮಳೆಗಾಲದಲ್ಲಿ ಏನು ಕತೆ. ಚೆನ್ನಾಗಿಯೇ ಹೇಳಿದ. ಆದರೆ ಹಿಂದಿನ ಸಾಲಿನಿಂದ ದರ್ಜಿ ಕೈಯೆತ್ತಿದ.

"ಅದೆಲ್ಲ ಸರಿ ಕಣಪ್ಪಾ. ಎಂಟು ಮನೆಗೇ ನಿನ್ನ ಪೆಟ್ಟಿಗೆ ಏದುಸಿರು ಬಿಡುತ್ತೆ. ಇಡೀ ಬೀದಿ ಹೊತ್ತುಕೊಳ್ಳುತ್ತಾ? ಮೊನ್ನೆ ನನ್ನ ಮಷಿನ್ನು ಅರ್ಧ ತೋಳು ಹೊಲಿದು ನಿಂತ್ಕೊಂಡ್ತು. ಒಂದೇ ತೋಳಿನ ಅಂಗಿ ಯಾರಿಗೆ ಹಾಕ್ಲಿ?"

ಜನ ನಕ್ಕರು. ತಮ್ಮನೂ ಸ್ವಲ್ಪ ನಕ್ಕ. "ಪೆಟ್ಟಿಗೆ ಸರಿ ಇದೆ. ಮಧ್ಯಾಹ್ನ ಲೈನಿನ ವೋಲ್ಟೇಜು ಏರುತ್ತೆ. ಅದಕ್ಕೇ ಕಳಚ್ಕೊಳ್ಳುತ್ತೆ."

"ಇಷ್ಟು ದಿನ ಏರದೇ ಇದ್ದದ್ದು ಈಗ ಯಾಕೆ ಏರುತ್ತೆ?"

ತಮ್ಮ ತಿರುಗಿ ಅಣ್ಣನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಲೈನಿನ ವಿಷಯ ಅಣ್ಣ ಹೇಳ್ಬೇಕು."

ಎಲ್ಲ ಮುಖಗಳೂ ಲೈನ್‌ಮ್ಯಾನ್ ಕಡೆ ತಿರುಗಿದವು. ಗಿರಣಿಯವನು ಅಂದ, "ಹೌದಪ್ಪಾ, ನೀನೇ ಹೇಳಿಬಿಡು. ನಿನ್ನ ಮಾತೇ ಕೊನೆ ಮಾತು. ನೀನು ಆಗಲಿ ಅಂದ್ರೆ ಆಗ್ಲಿ, ಬೇಡ ಅಂದ್ರೆ ಬೇಡ."

ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ನೋಡಿ ಎಷ್ಟು ಕಾಲವಾಗಿತ್ತು! ಅವನು ಎದ್ದು ನಿಂತ. ನಿಜ ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ಟ್ಯಾಪ್ ಏರಿದೆ, ನಾಳೆ ಇಳಿಸ್ತೀನಿ, ಅಷ್ಟೇ. ಯಾರು ಏರಿಸಿದರು ಅಂತ ಈ ಜನ ಕೇಳುತ್ತಲೂ ಇರಲಿಲ್ಲ. ಅದು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಗಿರಣಿಯವನ ತಾಯಿ ತಮ್ಮನ ಭುಜ ತಟ್ಟಿ, "ಪಾಪ, ಎಷ್ಟು ಸೊರಗಿದ್ದಾನೆ ನಮ್ಮ ಹುಡುಗ," ಅಂದದ್ದು ಕಿವಿಗೆ ಬಿತ್ತು.

"ಲೈನು ಸರಿಯಾಗಿದೆ," ಅಂದ ಲೈನ್‌ಮ್ಯಾನ್. "ತಮ್ಮ ಅಂತ ಸುಳ್ಳು ಹೇಳೋಕಾಗಲ್ಲ. ಅವನ ಪೆಟ್ಟಿಗೆ ಸರಿಯಿಲ್ಲ. ಇವನ ಕೈಲಿ ಇದು ಆಗೋ ಕೆಲಸ ಅಲ್ಲ."

ಅಂಗಳ ಗುಜುಗುಜು ಅಂದಿತು. ದರ್ಜಿ, "ನಾನು ಹೇಳಲಿಲ್ವಾ," ಅಂದ.

"ನಿನ್ನೆ ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿದ್ದೆ ಅಣ್ಣ," ಅಂದ ತಮ್ಮ. ದನಿ ಏರಿಸಲಿಲ್ಲ. "ಬೇಲಿ ಹೊರಗೇ ನಿಂತಿದ್ದೆ. ಟ್ಯಾಪಿನ ಅಂಕಿ ಅಲ್ಲಿಂದಲೇ ಕಾಣುತ್ತೆ. ಓದೋದು ನೀನೇ ಕಲಿಸಿದ್ದು."

ಲೈನ್‌ಮ್ಯಾನ್ ಸೊಂಟದ ಬೀಗದ ಕೈಯನ್ನು ಮುಚ್ಚಿ ಹಿಡಿದ. ಅಂಗಳದಲ್ಲಿ ಕೂತವರಿಗೆ ಆ ಮಾತು ಅರ್ಥವಾಗಲಿಲ್ಲ.

"ಏನು ಕಾಣಿಸ್ತು?" ಗಿರಣಿಯವನು ಕುತೂಹಲದಿಂದ ಕೇಳಿದ. "ಎಷ್ಟಿತ್ತು ಅಂಕಿ?"

ತಮ್ಮ ಬಾಯಿ ತೆರೆದ. ಅವನ ಕಣ್ಣು ಅಣ್ಣನ ಸೊಂಟದ ಬೆಲ್ಟಿನ ಮೇಲೆ, ಅಲ್ಲಿಂದ ಹೆಂಗಸರ ನಡುವೆ ನಿಂತ ಅತ್ತಿಗೆಯ ಮೇಲೆ ಹೋಯಿತು.

"ಮರೆತುಹೋಯ್ತು," ಅಂದ.

ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಕುರ್ಚಿಗಳ ನಡುವೆ ಯಾರ ಕಾಲೂ ತುಳಿಯದಂತೆ ದಾರಿ ಮಾಡಿಕೊಂಡು, ಗೇಟಿನ ಚಿಲಕ ತೆಗೆದು, ಹೊರಗೆ ಹೋಗಿ ಮತ್ತೆ ಚಿಲಕ ಹಾಕಿದ. ಮನೆಯ ಕಡೆಗೆ ತಿರುಗಲಿಲ್ಲ. ಬಸ್ಸು ನಿಲ್ಲುವ ರಸ್ತೆಯ ಕಡೆ ನಡೆದ.

"ಅಂಕಿ ಮತ್ತೆ ನೋಡ್ಕೊಂಡು ಬರೋಕೆ ಹೋದ್ನೇನೋ," ಅಂದ ಗಿರಣಿಯವನು. "ಕೂತ್ಕೊಳ್ಳಿ, ಬರ್ತಾನೆ."

ಕೂತರು. ಬಿಸಿಲು ತಗಡಿನ ಮಾಡಿನ ಮೇಲೆ ಚಿಟಿಚಿಟಿ ಅನ್ನುತ್ತಿತ್ತು. ಲೈನ್‌ಮ್ಯಾನ್ ಹೆಂಡತಿಯ ಕಡೆ ನೋಡಿದ. ಅವಳು ಏನಾದರೂ ನಗೆಮಾತು ಆಡುತ್ತಾಳೇನೋ ಅಂತ ಕಾದ. ಅವಳು ಗೇಟನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ದರ್ಜಿ ಎದ್ದ, ಅವನ ಹಿಂದೆ ಇಬ್ಬರು, ಆಮೇಲೆ ಸಾಲುಸಾಲೇ ಎದ್ದಿತು. ಹೋಗುವಾಗ ಜನ ಲೈನ್‌ಮ್ಯಾನ್‌ನ ಕೈ ಹಿಡಿದು, "ನೀವು ಇದ್ದದ್ದಕ್ಕೆ ಉಳಿದ್ವಿ," ಅಂದರು. ಹೆಂಡತಿ ಅವನಿಗೆ ಕಾಯದೆ ಹೊರಟುಹೋದಳು.

ಗಿರಣಿಯವನು ಕಾದೂ ಕಾದೂ ಸಾಕಾಗಿ ಸ್ವಿಚ್ಚು ಹಾಕಿದ. ಬೆಲ್ಟು ಗರಗರ ತಿರುಗಿ ಕಲ್ಲು ಗುಡುಗತೊಡಗಿತು. ಬೀಸಿಸಲು ಚೀಲ ಇಟ್ಟಿದ್ದವರು ಒಬ್ಬೊಬ್ಬರೇ ಅಂಗಳಕ್ಕೆ ಬಂದರು. ಅವರಲ್ಲೊಬ್ಬ ತಮ್ಮ ಬಿಟ್ಟೆದ್ದ ಕುರ್ಚಿಯ ಬೆನ್ನಿಗೆ ಕೈ ಹಾಕಿ, "ಇಲ್ಲಿ ಯಾರಾದ್ರೂ ಇದ್ದಾರಾ?" ಅಂತ ಕೂಗಿ ಕೇಳಿದ.

"ಇದ್ದಾರೆ," ಅಂದ ಪಕ್ಕದಲ್ಲೇ ಕೂತಿದ್ದ ಲೈನ್‌ಮ್ಯಾನ್.

ಚೀಲದವನು ಬೇರೆ ಕುರ್ಚಿ ಹುಡುಕಿಕೊಂಡು ಹೋದ. ಬೀಸುವ ಕೋಣೆಯಿಂದ ಹಿಟ್ಟಿನ ಧೂಳು ಮೆಲ್ಲಗೆ ಹೊರಗೆ ಬರುತ್ತಿತ್ತು. ಅದು ಲೈನ್‌ಮ್ಯಾನ್‌ನ ತಲೆಗೂದಲ ಮೇಲೆ, ತೋಳಿನ ಮೇಲೆ, ಪಕ್ಕದ ಖಾಲಿ ಕುರ್ಚಿಯ ಮೇಲೆ ಒಂದೇ ಸಮನಾಗಿ ಕೂರುತ್ತಿತ್ತು.