ಇನ್ನೊಂದು ಮಾರು

ಕೆಂಪು, ಬಂತು, ಹೋಯಿತು — ಹನಿ ಬಿದ್ದ ಜಾಗದಲ್ಲಿ ಮಾತ್ರ, ಒಂದು ಕ್ಷಣ, ಇಟ್ಟಿಗೆ ಪುಡಿ ಉದುರಿಸಿದ ಹಾಗೆ, ಫ್ಲಾಸ್ಕು ಅಲ್ಲಾಡಿಸಿದರೆ ಕ್ರೋಮೇಟು ಬೆರೆಸಿದ ಬಾವಿನೀರು ಮತ್ತೆ ಅದೇ ಹಳದಿ, ಸರಿ, ಇದು ಒಂದು, ಅವಸರ ಬೇಡ, ನೀರಿನಲ್ಲಿ ಉಪ್ಪು ಇರುವಷ್ಟು ಹೊತ್ತು ಸಿಲ್ವರ್ ನೈಟ್ರೇಟು ಅದರ ಹಿಂದೆಯೇ ಹೋಗುತ್ತದೆ, ಉಪ್ಪು ಮುಗಿದ ಮೇಲೆಯೇ ಕೆಂಪು ನಿಲ್ಲುವುದು, ಬೇಗ ನಿಂತಷ್ಟೂ ಸಿಹಿನೀರು — ಎರಡು, ಮೂರು — ಏಪ್ರಿಲ್‌ಗೆ ಮುಂಚೆ ಶಾಲೆಯ ಈ ಬಾವಿಗೆ ಇಪ್ಪತ್ತೆರಡು ಹನಿ ಸಾಕಾಗುತ್ತಿತ್ತು, ನಾನು ಕೆಡಿಸಿದ ಮೇಲೆ ನೂರ ನಲವತ್ತು, ಇವತ್ತು ಮೂವತ್ತೈದರೊಳಗೆ ನಿಂತರೆ ಈ ತುದಿಯ ಮೂವತ್ತು ಮನೆಯವರು ಮತ್ತೆ ಇಲ್ಲಿಯೇ ಕೊಡ ತುಂಬಬಹುದು, ನಿಲ್ಲದಿದ್ದರೆ ಆ ಹೆಂಗಸರು ಇನ್ನೊಂದು ವರ್ಷ ದಕ್ಷಿಣದ ತುದಿಯ ಬಾವಿಗೆ ನಡೆಯಬೇಕು, ನನ್ನಿಂದ. ಬಾಗಿಲಲ್ಲಿ ಬಿಯ್ಯಮ್ಮಾಬಿ ನಿಂತಿದ್ದಾಳೆ, ಸೊಂಟದಲ್ಲಿ ಕೊಡ, ಎಪ್ಪತ್ತರ ಮುದುಕಿ, ಬಾವಿಯ ಪಕ್ಕದ ಮನೆಯವಳು, ಬೆಳಗಾಗುತ್ತಲೇ ಬಾವಿಗೆ ತೆಂಗಿನ ಚಿಪ್ಪು ಇಳಿಸಿ ರುಚಿ ನೋಡಿಬಿಟ್ಟಿದ್ದಾಳೆ ಎಂದು ಗೊತ್ತು, ಮುಖ ಮಾತ್ರ ಬೀಗ ಹಾಕಿದ ಹಾಗಿದೆ. ಹೆಂಗಿದೆ ನೀರು, ಹೇಳಿ ಅಂದರೆ, ನಿನ್ನ ಮದ್ದೇ ಹೇಳ್ಲಿ ಮಾಷೇ, ಓದಿರೋದು ನೀನಾ ನಾನಾ ಅನ್ನುತ್ತಾಳೆ. ಅವಳು ಆಡುವುದು ದ್ವೀಪದ ಮಲಯಾಳ, ಮಾಷ್ ಅಂದರೆ ಮೇಷ್ಟ್ರು, ಎರಡು ವರ್ಷದಲ್ಲಿ ಅದು ನನ್ನ ತಲೆಯೊಳಗೆ ನಮ್ಮೂರ ಮಾತಾಗಿಯೇ ಇಳಿಯುತ್ತದೆ, ಬೈದರೆ ನಮ್ಮಮ್ಮ ಅಶ್ವತ್ಥಮ್ಮನೇ ಬೈದ ಹಾಗೆ.

ಐದು, ಆರು — ಕೆಂಪು ಬಂತು, ಹೋಯಿತು — ಈ ಬಣ್ಣ ಇಡೀ ದ್ವೀಪದಲ್ಲಿ ಬೇರೆಲ್ಲೂ ಇಲ್ಲ, ಇಲ್ಲಿ ನೆಲ ಬಿಳಿ, ಮರಳು ಬಿಳಿ, ಮನೆಯ ಗೋಡೆಯ ಹವಳದ ಕಲ್ಲು ಬಿಳಿ, ಈ ಕೆಂಪು ಕಂಡರೆ ಮಾಲೂರು ಕಾಣುತ್ತದೆ, ಎಪ್ಪತ್ತಾರನೇ ಇಸವಿಯಲ್ಲಿ ಟ್ರಂಕು ಹಿಡಿದು ರೈಲಿನಲ್ಲಿ ಹೊರಟಾಗ ಕಿಟಕಿಯಾಚೆ ಇಟ್ಟಿಗೆ ಗೂಡುಗಳು, ಸಾಲುಸಾಲು, ಹೊಗೆ, ಆಮೇಲೆ ಕೊಚ್ಚಿ, ಆಮೇಲೆ ಹಡಗು, ವಾಂತಿ, ಆಮೇಲೆ ಈ ಒಂದೂವರೆ ಮೈಲಿ ಉದ್ದದ ತೆಂಗಿನ ತೋಪು, ಅಡ್ಡಕ್ಕೆ ನಡೆದರೆ ನಮ್ಮ ರಾಯಲ್ಪಾಡಿನ ಬಸ್ ಸ್ಟ್ಯಾಂಡಿನಿಂದ ಕೆರೆ ಏರಿಗೆ ಹೋದಷ್ಟೂ ಇಲ್ಲ, ಎರಡು ಕಡೆಯ ಅಲೆಯೂ ಒಂದೇ ಸಲ ಕೇಳಿಸುತ್ತದೆ. ಅಕ್ಕಿ, ಸೀಮೆಎಣ್ಣೆ, ಮಸಿ, ಎಲ್ಲ ಹಡಗಿನಲ್ಲಿ, ಜೂನ್ ಬಂತೆಂದರೆ ಮೂರು ನಾಲ್ಕು ತಿಂಗಳು ಹಡಗೂ ಇಲ್ಲ ಕಾಗದವೂ ಇಲ್ಲ, ಆದರೂ ಯಾರ ಬಾಯಲ್ಲೂ ಇಲ್ಲ ಅನ್ನುವ ಮಾತು ಕೇಳಿಲ್ಲ, ಮೀನು ಒಣಗಿಸಿ ಇಟ್ಟಿರುತ್ತಾರೆ, ನಾರು ಕೊಳೆಹಾಕಿ ಹೊಸೆದು ಹಗ್ಗ ಮಾಡುತ್ತಾರೆ, ಒಂದು ಮೊಳೆಯಿಲ್ಲದೆ ಹಲಗೆಗೆ ಹಲಗೆ ಹೊಲಿದು ದೋಣಿ ಕಟ್ಟುತ್ತಾರೆ. ನಮ್ಮ ತಾಲ್ಲೂಕಿನಿಂದ ಇಷ್ಟು ದೂರ ಬಂದು ಪಾಠ ಹೇಳಿದವನು ನಾನೊಬ್ಬನೇ ಎಂದು ನನಗೆ ಜಂಬ ಇತ್ತು, ಈಗಲೂ ಇದೆ, ಇಲ್ಲವೆಂದರೆ ಸುಳ್ಳು — ಎಷ್ಟು ಹನಿ, ಒಂಬತ್ತು, ಹೌದು ಒಂಬತ್ತು.

ಹತ್ತು — ಅಪ್ಪ ಸೊಣ್ಣಪ್ಪ ಹನ್ನೊಂದು ಹಳ್ಳಿಯಲ್ಲಿ ಬಾವಿ ತೋಡಿದವನು, ಸುತ್ತಿಗೆ, ಹಾರೆ, ಮದ್ದು ಇಟ್ಟು ಬಂಡೆ ಸಿಡಿಸುವುದು, ನೀರು ಕಾಣದೆ ಜೊತೆಯವರು ಮೇಲೆ ಹತ್ತಿ ಬೀಡಿ ಹಚ್ಚಿದರೆ ಕೆಳಗಿಂದಲೇ ತೆಲುಗಿನಲ್ಲಿ ಕೂಗುತ್ತಿದ್ದ, ಇಂಕೊಕ್ಕ ಬಾರ ದಿಗಂಡ್ರಾ, ನೀಳ್ಳೆಕ್ಕಡಿಕಿ ಪೋತಾಯಿ, ಇನ್ನೊಂದೇ ಒಂದು ಮಾರು ಇಳೀರಿ, ನೀರು ಎಲ್ಲಿಗೆ ಓಡೋಗ್ತದೆ — ಆ ಇನ್ನೊಂದು ಮಾರಿನಲ್ಲೇ ನೀರು ಸಿಗುತ್ತಿತ್ತು, ಪ್ರತಿ ಸಲ ಅಲ್ಲ, ಆದರೆ ಸಿಕ್ಕಿದ ಬಾವಿಗಳ ಹೆಸರು ಮಾತ್ರ ಮನೆಯಲ್ಲಿ ಕೇಳುತ್ತಿತ್ತು, ಹಾಗೆ ಬೆಳೆದವನು ನಾನು, ಬಾವಿಯಲ್ಲಿ ನೀರು ಕಡಿಮೆಯಾಯಿತೆಂದರೆ ಆಳ ಮಾಡು, ಅಷ್ಟೇ, ಕೋಲಾರದಲ್ಲಿ ಬಿ.ಎಸ್ಸಿ. ಓದಿದ ಮೂರು ವರ್ಷವೂ ಅದನ್ನು ಅಳಿಸಲಿಲ್ಲ. ಏಪ್ರಿಲ್‌ನಲ್ಲಿ ನೀರು ಮೊಣಕಾಲಿಗಿಂತ ಕೆಳಗೆ ಇಳಿಯಿತು, ನಾನು ಹಾರೆ ಎತ್ತಿಕೊಂಡೆ, ಬಿಯ್ಯಮ್ಮಾಬಿ ಬಂದು ಅಡ್ಡ ನಿಂತಳು, ಕೋಲಿಗೆ ಕಟ್ಟಿದ ಚಿಪ್ಪಲ್ಲಿ ಮೊಗೆದಷ್ಟೇ ಮೊಗೀಬೇಕು ಮಾಷೇ, ಬಾವೀನ ಕೆಣಕಬಾರ್ದು, ಕೆಳಗೆ ಕಡಲು ಮಲಗೈತೆ, ಏಳಿಸಬೇಡ. ನಾನು ನಕ್ಕೆ. ನಾನು ಬಾವಿ ತೋಡೋರ ಮಗ ಕಣಮ್ಮಾ, ನೀವು ಸುಮ್ಮನಿರಿ ಅಂದೆ, ಪಂಚೆ ಎತ್ತಿ ಕಟ್ಟಿ ಇಳಿದೆ, ಬಂಡೆಯಿಲ್ಲದ ನೆಲ, ಮೊಸರಿನ ಹಾಗೆ ಬರುತ್ತಿತ್ತು, ಒಂದೇ ಬೆಳಗ್ಗೆಯಲ್ಲಿ ಒಂದು ಮಾರು, ನೀರು ಬುಗ್ಗೆಬುಗ್ಗೆ, ಎದೆಯವರೆಗೆ, ಅಪ್ಪಾ ನೋಡು ಎಂದು ಕೂಗಿದೆನೇನೋ, ಅವತ್ತೇ ಊರಿಗೆ ಕಾಗದ ಹಾಕಿದೆ. ಮೂರನೆಯ ದಿನ ಅನ್ನಕ್ಕೆ ಉಪ್ಪು ಹಾಕುವುದು ಬೇಕಾಗಲಿಲ್ಲ.

ಹದಿನಾಲ್ಕು, ಹದಿನೈದು — ಬಂತು, ಹೋಯಿತು — ಪುಸ್ತಕದಲ್ಲಿ ಇತ್ತು, ನನಗೇ ಗೊತ್ತಿತ್ತು, ಉಪ್ಪುನೀರು ಭಾರ, ಮಳೆಯ ನೀರು ಹಗುರ, ಮರಳಿನೊಳಗೆ ಕಡಲಿನ ಮೇಲೆ ಸಿಹಿನೀರು ಹಾಲಿನ ಮೇಲಿನ ಕೆನೆಯ ಹಾಗೆ ತೆಳ್ಳಗೆ ತೇಲುತ್ತಿರುತ್ತದೆ, ಆ ಕೆನೆಯನ್ನು ಚಿಪ್ಪಿನಲ್ಲಿ ತೆಗೆಯಬೇಕು ಎಂದು ಇವರಿಗೆ ಯಾರು ಕಲಿಸಿದರು, ನಾನು ಕಲಿತದ್ದನ್ನು ಇವಳು ಮಾಡುತ್ತಿದ್ದಳು, ನಾನು ಮಾಡಿದ್ದು ಕಲಿತದ್ದನ್ನಲ್ಲ. ಹೆಡ್ಮಾಸ್ಟರರು ಒಳ್ಳೆಯವರು, ಕಡಲಿನ ಉಬ್ಬರ ಜಾಸ್ತಿಯಾಯಿತು ಅಂತ ಬರೆದುಬಿಡ್ರೀ, ಯಾರಿಗೆ ಗೊತ್ತಾಗುತ್ತೆ ಅಂದರು. ಬರೆಯಲಿಲ್ಲ. ಶಾಲೆಯ ಅಂಗಳದಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು ಉಬ್ಬರ ಅಲ್ಲ, ನಾನು, ನನ್ನ ಒಂದು ಮಾರು ಅಂದೆ, ಎರಡು ವರ್ಷದಲ್ಲಿ ನಾನು ಹೇಳಿದ ಪಾಠಗಳಲ್ಲಿ ಅದೇ ನೆಟ್ಟಗಿದ್ದದ್ದು. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಬಿಯ್ಯಮ್ಮಾಬಿ ಮಾತ್ರ, ತೋಡಕ್ಕೆ ಬಂದ ಕೈಗೆ ತುಂಬಕ್ಕೂ ಬರ್ತದಾ ನೋಡಾಣ ಅಂದಳು, ಹದಿಮೂರು ದಿನ ಮರಳು ಹೊತ್ತು ತುಂಬಿದೆ, ಹಳೆಯ ತಳ ಎಲ್ಲಿತ್ತು ಅನ್ನುವುದನ್ನು ಅವಳೇ ಕಲ್ಲಿನ ಪಾಚಿ ನೋಡಿ ತೋರಿಸಿದಳು, ಒಂದು ಬೆರಳು ಹೆಚ್ಚಿಲ್ಲ ಕಡಿಮೆಯಿಲ್ಲ, ಅಪ್ಪನೂ ಹಾಗೇ ಬಂಡೆಯ ಬೆವರು ನೋಡಿ ನೀರು ಎಲ್ಲಿ ಎಂದು ಹೇಳುತ್ತಿದ್ದ. ಆಮೇಲೆ ಮಳೆ, ಎರಡು ತಿಂಗಳ ಮಳೆ.

ಹತ್ತೊಂಬತ್ತು, ಇಪ್ಪತ್ತು — ಮೇ ತಿಂಗಳ ಕೊನೆಯ ಹಡಗಿನಲ್ಲಿ ತಂಗಿ ಭಾರತಮ್ಮನ ಕಾಗದ, ಅಣ್ಣ, ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದೋರಿಗೆಲ್ಲ ನಮ್ಮೋನು ಸಮುದ್ರದ ಮಧ್ಯದಾಗೆ ಒಂದು ಮಾರು ಇಳಿದು ನೀರು ತೆಗೆದವ್ನೆ ಅಂತ ಹೇಳ್ತಾ ಅವ್ರೆ, ಕಂಡಕ್ಟರ್‌ಗೂ ಹೇಳವ್ರೆ — ಅದನ್ನು ಓದುವಾಗ ಕೈಯಲ್ಲಿ ಆಗಲೇ ಮರಳಿನ ಬುಟ್ಟಿ ಇತ್ತು, ಅಪ್ಪಾ, ಹಡಗು ಬಂದ ದಿನ ಬರೆಯುತ್ತೇನೆ, ಪೂರ್ತಿ ಬರೆಯುತ್ತೇನೆ, ನಿನ್ನ ಮಗ ಒಂದು ಮಾರು ಇಳಿದ, ಆಮೇಲೆ ಒಂದು ಮಾರು ತುಂಬಿದ, ನಿಲ್ಲಿಸಬೇಕಾದ ಜಾಗದಲ್ಲಿ ನಿಲ್ಲಿಸುವುದನ್ನೂ ಕಲಿತ, ಇದನ್ನೂ ಕಂಡಕ್ಟರ್‌ಗೆ ಹೇಳು — ಇಪ್ಪತ್ತೆರಡು, ನಿಲ್ಲಲಿಲ್ಲ, ಹಳೆಯ ಲೆಕ್ಕ ದಾಟಿತು, ಇಪ್ಪತ್ತಮೂರು, ಬೆರಳ ತುದಿಯೆಲ್ಲ ಈ ದ್ರಾವಣದ ಕಪ್ಪು ಕಲೆ, ನಿಧಾನ, ಹನಿ ದಪ್ಪವಾದರೆ ಲೆಕ್ಕ ಸುಳ್ಳಾಗುತ್ತದೆ, ಇಪ್ಪತ್ತಾರು, ಕೆಂಪು ಬಂತು, ಸ್ವಲ್ಪ ನಿಧಾನವಾಗಿ ಹೋಯಿತು, ಹೋಗುವುದಕ್ಕೆ ಮನಸ್ಸಿಲ್ಲದ ಹಾಗೆ, ಏನಂತೆ ಮಾಷೇ, ನನ್ನ ಸೊಂಟ ಬಿದ್ದೋಯ್ತು, ಇರಿ ಅಮ್ಮಾ ಇರಿ, ಇಪ್ಪತ್ತೆಂಟು, ಹೋಯಿತು, ಇಪ್ಪತ್ತೊಂಬತ್ತು, ಅಲ್ಲಾಡಿಸು, ಹೋಯಿತು, ಮೂವತ್ತು, ಮೂವತ್ತೈದಕ್ಕೆ ಇನ್ನು ಐದೇ, ಅಂಚಿನಲ್ಲಿ ಒಂದು ಎಳೆ ಉಳಿದಿದೆಯೇ, ಇಲ್ಲ, ಅದೂ ಹೋಯಿತು, ಮೂವತ್ತೊಂದು — ಅಲ್ಲಾಡಿಸಿದೆ — ಕೆಂಪು — ಇನ್ನೊಮ್ಮೆ ಅಲ್ಲಾಡಿಸಿದೆ — ಕೆಂಪು — ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ, ಬಿಯ್ಯಮ್ಮಾಬಿ ಕೊಡವನ್ನು ಕೆಳಗಿಟ್ಟು ಹತ್ತಿರ ಬಂದು ನೋಡುತ್ತಿದ್ದಾಳೆ, ಕೆಂಪು, ನಿಂತಿದೆ, ಹೋಗುತ್ತಿಲ್ಲ, ಕೆಂಪು